ಲೈಸೆನ್ಸ್ ಕೈಗೆ ಬಂತು, ಈಗ .32 ಪಿಸ್ತೂಲಾ ರಿವಾಲ್ವರಾ? ಮಳೆಗಾಲದಲ್ಲೂ ಸೊಂಟದಲ್ಲಿ ಇಟ್ಕೊಂಡು ಓಡಾಡಿದೋರು ಹೇಳಿ

ಚೇಣಿ_ಹೊಸನಗರ
ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ಕಡೆಯವ, ಚೇಣಿ ವ್ಯಾಪಾರ, ಅಂದ್ರೆ ತೋಟದ ಅಡಿಕೆ ಫಸಲು ಗುತ್ತಿಗೆಗೆ ಹಿಡಿಯೋದು. ಅಡಿಕೆ ಸುಗ್ಗೀಲಿ ಮನೆ ಮನೆಗೆ ಹೋಗಿ ಅಡ್ವಾನ್ಸ್ ಕೊಡೋದು, ಕೊನೆಗಾರರ (ಅಡಿಕೆ ಗೊನೆ ಇಳಿಸೋರ) ಬಟವಾಡೆ, ರಾತ್ರಿ ಹುಲಿಕಲ್ ಘಾಟಿ ಕಡೆಯಿಂದ ಒಬ್ನೇ ಜೀಪಲ್ಲಿ ಬರೋದು, ಇವೆಲ್ಲ ಇದ್ದದ್ದೇ. ಅರ್ಜಿ, ಪೊಲೀಸ್ ವರದಿ, ಮೆಡಿಕಲ್ಲು, ಆಯುಧ ಹಿಡಿಯೋ ತರಬೇತಿ ಸರ್ಟಿಫಿಕೇಟು ಎಲ್ಲ ಮುಗಿದು ಅಂತೂ ಹ್ಯಾಂಡ್‌ಗನ್ ಲೈಸೆನ್ಸ್ ಬಂತು. ಮನೇಲಿ ಅಪ್ಪಯ್ಯನ ಕಾಲದ ಜೋಡಿ ನಳಿಗೆ ತೋಟಾ ಕೋವಿ ಇದೆ, ಅದು ಬಿಟ್ರೆ ಸಣ್ಣ ಆಯುಧದ ಗಂಧ ಗಾಳಿ ಇಲ್ಲ ನಂಗೆ. ಒಬ್ಬೊಬ್ರು ಒಂದೊಂದು ಹೇಳ್ತಾರೆ. ಸಣ್ಣದಾಗಿರ್ಬೇಕು, ಅಂಗಿ ಒಳಗೆ ಯಾರಿಗೂ ಕಾಣ್ಬಾರ್ದು, ಮಳೆಗೆ ಹಾಳಾಗ್ಬಾರ್ದು. ಯಾವುದು ತಗಳ್ಳಿ? ಅದನ್ನ ಸೊಂಟಕ್ಕೆ ಕಟ್ಟೋ ಚೀಲ, ಹೋಲ್ಸ್ಟರ್, ಎಂಥದು? ಅದೂ ಅಲ್ದೆ ನಾನು ಅರ್ಧ ದಿನ ಪಂಚೇಲೇ ಇರೋನು, ಅದಕ್ಕೆ ಎಂತ ಮಾಡದು?

ಸಾಗರದ_ಸಂಶಯಿ
ಮೊದ್ಲು ಒಂದು ಮಾತು ಕೇಳ್ತೀನಿ ಬೇಜಾರ್ ಮಾಡ್ಕಬೇಡ ಮಾರಾಯ. ಮಂಡಿಯವ್ರೇ ಆರ್‌ಟಿಜಿಎಸ್ ಮಾಡ್ತಾರೆ, ಕೊನೆಗಾರನ ಹತ್ರಾನೂ ಫೋನ್‌ಪೇ ಇದೆ. ದುಡ್ಡು ಹೊರೋದು ಬಿಟ್ರೆ ಪಿಸ್ತೂಲ್ ಹೊರೋದೂ ತಪ್ಪತ್ತಲ್ಲ? ಲಕ್ಷಕ್ಕಿಂತ ಮೇಲೆ ಸುರಿದು ಒಂದು ತಲೆನೋವು ಕಟ್ಕಳ್ಳೋದ್ಯಾಕೆ.

ಚೇಣಿ_ಹೊಸನಗರ
ಹೌದು ಅಣ್ಣ ಅರ್ಧ ಹಂಗೇ ಆಗಿದೆ. ಆದ್ರೆ ನೀನು ನಮ್ಮೂರ ಕಡೆ ಬಂದು ನೋಡು, ನೆಟ್‌ವರ್ಕ್ ಬೇಕಂದ್ರೆ ಗುಡ್ಡ ಹತ್ಬೇಕು, ಫೋನ್‌ಪೇ ಎಲ್ಲಿಂದ ಮಾಡದು. ಮತ್ತೆ ಬೇಕಾ ಬೇಡ್ವಾ ಅನ್ನೋ ಚರ್ಚೆ ಮನೇಲಿ ಮುಗಿದಿದೆ, ಇಲ್ಲಿ ಮತ್ತೆ ಶುರು ಮಾಡ್ಬೇಡಿ 🙏

ಮಾಜಿ_ಹವಾಲ್ದಾರ್
ತಮ್ಮಾ, ಅಂಗಡಿಗೆ ಹೋಗೋ ಮುಂಚೆ ಲೈಸೆನ್ಸ್ ಪುಸ್ತಕ ಬಿಚ್ಚಿ ಓದು. ಮೂರು ಜಾಗ ನೋಡ್ಬೇಕು. ಆಯುಧದ ಬೋರ್ (ನಳಿಗೆ ಒಳಗಿನ ಅಳತೆ) ಎಂತ ಬರೆದಿದಾರೆ, ತೋಟಾ ಒಂದು ಸಲಕ್ಕೆ ಎಷ್ಟು ವರ್ಷಕ್ಕೆ ಎಷ್ಟು, ಮತ್ತೆ ಎಲ್ಲಿವರೆಗೆ ಚಾಲ್ತಿ, ಕರ್ನಾಟಕದೊಳಗಾ ಇಡೀ ದೇಶಕ್ಕಾ. ಕರ್ನಾಟಕ ಮಾತ್ರ ಅಂತಿದ್ದು ನೀನು ಗೋವಾಕ್ಕೋ ಕಾಸರಗೋಡಿಗೋ ಹೋಗೋವಾಗ ಸೊಂಟದಲ್ಲಿ ಇಟ್ಕೊಂಡು ಹೋದ್ರೆ ಅಲ್ಲಿ ನಿನ್ನ ಹತ್ರ ಇರೋದು ಲೈಸೆನ್ಸ್ ಇಲ್ದ ಆಯುಧ, ತಿಳ್ಕ.

ಇನ್ನು ಆಯ್ಕೆ. ಸಿನಿಮಾದಲ್ಲಿ ತೋರ್ಸೋ 9 ಎಂಎಂ ಎಲ್ಲ ನಿಷೇಧಿತ ಬೋರು, ನಮ್ಮಂಥೋರಿಗೆ ಇಲ್ಲ. ವಿದೇಶದಿಂದ ತರಿಸೋದೂ 80ರ ದಶಕದಿಂದ ಬಂದ್. ಹಂಗಾಗಿ ಉಳಿಯೋದು .32 ಮತ್ತೆ .22. ನಮ್ಮ ಸರ್ಕಾರಿ ಕಾರ್ಖಾನೆ ಮಾಲಲ್ಲಿ ಪಿಸ್ತೂಲ್ ಅಂದ್ರೆ ಅಶನಿ. ರಿವಾಲ್ವರ್ ಅಂದ್ರೆ ಹಳೇ ಮಾರ್ಕ್ ತ್ರೀ, 2014ರಲ್ಲಿ ಹೆಂಗಸರಿಗೆ ಅಂತ ಬಿಟ್ಟ ನಿರ್ಭೀಕ್ ಅರ್ಧ ಕೇಜಿ ಆಸುಪಾಸು, 2023ರಲ್ಲಿ ಬಂದ ಪ್ರಬಲ್ ಏಳುನೂರು ಗ್ರಾಂ. ನಿರ್ಭೀಕ್ ಹೆಂಗಸರದು ಅಂತ ಮೂಗು ಮುರಿಬೇಡ, ಪಂಚೇಲಿ ಓಡಾಡೋನಿಗೆ ಅರ್ಧ ಕೇಜಿಗೂ ಏಳುನೂರು ಗ್ರಾಂಗೂ ಇರೋ ವ್ಯತ್ಯಾಸ ಸಾಯಂಕಾಲದ ಹೊತ್ತಿಗೆ ಸೊಂಟಕ್ಕೇ ಗೊತ್ತಾಗತ್ತೆ.

ನನ್ನ ಓಟು ರಿವಾಲ್ವರಿಗೆ.

ತುಂಗಾತೀರ
ಹವಾಲ್ದಾರ್ ಸಾರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸ್ತೀನಿ, ನಾನು ಪಿಸ್ತೂಲ್ ಪಾರ್ಟಿ 😀 ರಿವಾಲ್ವರ್ ಹೊಟ್ಟೆ ದಪ್ಪ, ತೋಟಾ ಕೂರೋ ಆ ತಿರುಗೋ ಸಿಲಿಂಡರ್ ಇದ್ಯಲ್ಲ ಅದು ಅಂಗಿ ಮೇಲೆ ಉಬ್ಬಿ ಕಾಣತ್ತೆ. ಪಿಸ್ತೂಲ್ ಚಪ್ಪಟೆ, ಬೆಲ್ಟಿನ ಒಳಗೆ ಕೂತ್ರೆ ಹೊರಗೆ ಸುಳಿವೇ ಇಲ್ಲ.

ಆದ್ರೆ ಒಂದು ವಿಷಯ ಹೊಸಬರಿಗೆ ಯಾರೂ ಹೇಳಲ್ಲ, ಎರಡಕ್ಕೂ .32 ಅಂತಾನೇ ಅಂದ್ರೂ ತೋಟಾ ಬೇರೆ ಬೇರೆ. ರಿವಾಲ್ವರಿಗೆ .32 ಸ್ಮಿತ್ ಅಂಡ್ ವೆಸನ್ ಲಾಂಗ್, ಪಿಸ್ತೂಲಿಗೆ .32 ಎಸಿಪಿ, ಅದನ್ನೇ 7.65 ಬ್ರೌನಿಂಗ್ ಅಂತಾನೂ ಡಬ್ಬಿ ಮೇಲೆ ಹಾಕಿರ್ತಾರೆ. ಒಂದರದ್ದು ಇನ್ನೊಂದಕ್ಕೆ ನಡೆಯಲ್ಲ. ಅಂಗಡೀಲಿ ಬರೀ "ಪಾಯಿಂಟ್ ತ್ರೀಟೂ ಕೊಡಿ" ಅಂದು ಡಬ್ಬಿ ನೋಡ್ದೆ ಬಂದ್ರೆ ಕಥೆ ಮುಗೀತು, ವಾಪಸ್ ಕೊಡೋಕೂ ಕಾಗದದ ಕೆಲಸ.

ಇನ್ನೊಂದು ಈ ಎಸಿಪಿ ತೋಟಾದ್ದೇ ಒಂದು ಕಿರಿಕಿರಿ. 1899ರ ಸುಮಾರಿಗೆ ಬ್ರೌನಿಂಗ್ ಮಾಡಿದ ವಿನ್ಯಾಸ ಅದು, ಬುಡದ ಅಂಚು ಒಂದು ಕೂದಲೆಳೆ ಹೊರಗೆ ಚಾಚಿರತ್ತೆ. ಮ್ಯಾಗಜೀನಿಗೆ (ಪಿಸ್ತೂಲಿನ ತೋಟಾ ಪೆಟ್ಟಿಗೆಗೆ) ತುಂಬೋವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಮುಂದೆ ಕೂರ್ಬೇಕು. ಹಿಂದೆ ಕೂತ್ರೆ ಎರಡೂ ಕಚ್ಕೊಂಡು ಮೇಲಿಂದು ಮುಂದಕ್ಕೆ ಹೋಗಲ್ಲ, ಸ್ಲೈಡ್ (ಹಿಂದೆ ಮುಂದೆ ಜಾರೋ ಮೇಲ್ಭಾಗ) ಅರ್ಧಕ್ಕೆ ನಿಲ್ಲತ್ತೆ. ಬೇಕಾದ್ರೆ ಡಮ್ಮಿ ತೋಟಾ ಹಾಕಿ ಬೇಕಂತಲೇ ಉಲ್ಟಾ ಕೂರಿಸಿ ನೋಡಿ, ಬೆರಳಲ್ಲಿ ಒತ್ತಿದ್ರೂ ಬಿಡಲ್ಲ ಅದು. ಒಂದೊಂದೇ ತೋಟಾ ಹಿಂದಕ್ಕೆ ಒತ್ತಿ ಸಮಾಧಾನದಲ್ಲಿ ತುಂಬಬೇಕು, ತುಂಬಿದ ಮ್ಯಾಗಜೀನನ್ನ ಜೀಪಿನ ಡ್ಯಾಶಲ್ಲಿ ಗಡಗಡ ಅಂತ ಬಿಸಾಕಿ ಇಡಬಾರ್ದು.

ಮಾಜಿ_ಹವಾಲ್ದಾರ್
ಇಷ್ಟೆಲ್ಲ ಉಪದ್ರ ಬೇಡ ಅಂತಲೇ ರಿವಾಲ್ವರ್ ಅಂದಿದ್ದು ನಾನು. ತೋಟಾ ಒಂದು ಹೊಡೀಲಿಲ್ಲ ಅಂದ್ರೆ ಕುದುರೆ (ಟ್ರಿಗರ್) ಇನ್ನೊಂದ್ಸಲ ಎಳೆದ್ರೆ ಮುಂದಿಂದು ಬರತ್ತೆ.

ತುಂಗಾತೀರ
ಒಪ್ಪಿದೆ ಸಾರ್, ಆದ್ರೆ ಆ ಕುದುರೆ ಎಳೆಯೋದಿದ್ಯಲ್ಲ, ಉದ್ದಕ್ಕೆ ಭಾರ. ಅಭ್ಯಾಸ ಇಲ್ದೋನು ಎಳೆಯೋ ಹೊತ್ತಿಗೆ ನಳಿಗೆ ಎಡಕ್ಕೆ ಓಲಿರತ್ತೆ.

ಕೊಪ್ಪದಕ್ಕ
ನಾನೂ ಬರೀಬಹುದಾ. ನಾವು ಕೊಪ್ಪ ಹತ್ರ ಕಾಫಿ ತೋಟದ ಮನೆ, ಯಜಮಾನ್ರು ವಾರಕ್ಕೆ ನಾಲ್ಕು ದಿನ ಬೆಂಗ್ಳೂರು. ಅವ್ರ ಹತ್ರ .32 ರಿವಾಲ್ವರ್ ಲೈಸೆನ್ಸ್ ಇದೆ. ಅವ್ರು ಇಲ್ದಾಗ ನಾನು ಅದನ್ನ ಇಟ್ಕೊಂಡು ತೋಟಕ್ಕೆ ಹೋಗಬಹುದಾ ಅಂತ ಯಾರನ್ನ ಕೇಳಿದ್ರೂ "ಹೆಂಡ್ತಿ ಅಲ್ವಾ ಏನಾಗಲ್ಲ" ಅಂತಾರೆ. ನಂಗ್ಯಾಕೋ ನಂಬಿಕೆ ಬರ್ಲಿಲ್ಲ.

ಮಾಜಿ_ಹವಾಲ್ದಾರ್
ನಿಮ್ಮ ಅನುಮಾನವೇ ಸರಿ ತಂಗಿ. ಲೈಸೆನ್ಸ್ ಮನೆಗಲ್ಲ, ಮನುಷ್ಯನಿಗೆ. ಅವ್ರ ಹೆಸರಿನ ಆಯುಧ ನಿಮ್ಮ ಸೊಂಟದಲ್ಲಿದ್ರೆ ಇಬ್ರ ಮೇಲೂ ಕೇಸು. ಬೇಕಂದ್ರೆ ನಿಮ್ಮ ಹೆಸರಲ್ಲೇ ಅರ್ಜಿ ಹಾಕಿ, ಅಥವಾ ಲೈಸೆನ್ಸಲ್ಲಿ ರಿಟೇನರ್ (ಲೈಸೆನ್ಸುದಾರರ ಪರವಾಗಿ ಆಯುಧ ಇಟ್ಕೊಳ್ಳೋರು) ಅಂತ ಹೆಸರು ಸೇರಿಸೋ ವ್ಯವಸ್ಥೆ ಇದೆ, ಅದಕ್ಕೆ ಡಿಸಿ ಕಚೇರಿ ಶಸ್ತ್ರ ಶಾಖೇಲಿ ಕೇಳಿ. ಮಗ ದೊಡ್ಡೋನಾಗಿದಾನೆ ಅಂತ ಕೈಗೆ ಕೊಟ್ಟು ಕಳ್ಸೋ ಅಪ್ಪಂದ್ರಿಗೂ ಇದೇ ಉತ್ತರ.

ಮಡಿಕೇರಿ_ಹುಡ್ಗ
ನಮ್ಮಲ್ಲಿ ಈ ತಾಪತ್ರಯ ಇಲ್ಲ ಗುರು, ಕೊಡವರಿಗೆ ಲೈಸೆನ್ಸಿಂದ ವಿನಾಯಿತಿ 🙂

ತುಂಗಾತೀರ
ಅದು ಕೊಡವರಿಗೆ ಮತ್ತೆ ಜಮ್ಮಾ (ಕೊಡಗಿನ ಹಳೇ ವಂಶಪಾರಂಪರ್ಯ ಜಮೀನು) ಹಿಡುವಳಿದಾರರಿಗೆ, 2019ರಲ್ಲಿ 2029ರವರೆಗೆ ಮುಂದುವರ್ಸಿದಾರೆ. ನಮ್ಮ ಶಿವಮೊಗ್ಗದೋರಿಗೆ ಅದ್ರಿಂದ ಎಂತ ಪ್ರಯೋಜನ ಮಾರಾಯ, ಉರ್ಸಬೇಡ.

ಆಗುಂಬೆ_ಮಳೆ
ಪಿಸ್ತೂಲು ರಿವಾಲ್ವರು ಅಂತ ಜಗಳ ಆಡ್ತಾ ಕೂತಿದೀರಿ, ಮುಖ್ಯ ಪ್ರಶ್ನೆ ಮಳೆದು ಅಲ್ವಾ. ನಮ್ಮೂರಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಸುರಿಯತ್ತೆ. ಜೂನಿಂದ ಸೆಪ್ಟೆಂಬರ್ ತನಕ ಹೊದಿಯೋ ಕಂಬಳೀನೇ ಒಣಗಲ್ಲ, ಕಬ್ಬಿಣದ ಗತಿ ಕೇಳ್ತೀರಾ.

ನಾನು ಹೇಳೋದು ಕೇಳಿ, ಚರ್ಮದ ಹೋಲ್ಸ್ಟರಲ್ಲಿ ಆಯುಧ ಇಟ್ಟು ಬೀರು ಬಾಗಿಲು ಹಾಕೋದು ಮಳೆಗಾಲದಲ್ಲಿ ಮಾಡೋ ಅತೀ ದೊಡ್ಡ ತಪ್ಪು. ಚರ್ಮ ಥಂಡಿ ಹೀರ್ಕೊಂಡು ಹಿಡ್ಕೊಂಡಿರತ್ತೆ, ಹದ ಮಾಡೋವಾಗ ಹಾಕಿದ ಉಪ್ಪು ರಾಸಾಯನಿಕ ಎಲ್ಲ ಒಳಗೆ ಇರತ್ತೆ, ಹೊರಗಡೆ ಬಿಳೀ ಬೂಷ್ಟು ಬರತ್ತೆ ಅದು ಒರಸಿದ್ರೆ ಹೋಯ್ತು, ಆದ್ರೆ ಒಳಗೆ ನಳಿಗೆ ತಾಗಿದ ಜಾಗದಲ್ಲಿ ಕೆಂಪು ಚುಕ್ಕೆ ಬಿದ್ದಿರತ್ತೆ. ಬೆಲ್ಟಿಗೆ ಚರ್ಮದ ಕುಣಿಕೆ ಇರೋ ತೋಟಾ ಪಟ್ಟಿ ಇರತ್ತಲ್ಲ ಹಳೇದು, ಅದ್ರಲ್ಲಿ ತೋಟಾ ಬಿಟ್ಟು ಆಮೇಲೆ ಎಳೆದು ನೋಡಿ. ಹಿತ್ತಾಳೆ ಸುತ್ತ ಹಸಿರು ಕಿಲುಬು ಉಂಗುರ ಕಟ್ಟಿರತ್ತೆ, ಉಗುರಲ್ಲಿ ಕೆರೆದ್ರೆ ಅಂಟಂಟು. ಅಂಥ ತೋಟಾ ಸಿಲಿಂಡರಿಗೆ ಪೂರ್ತಿ ಇಳಿಯಲ್ಲ, ಇಳಿದ್ರೆ ಹೊರಗೆ ಬರಲ್ಲ.

ಮನೆಗೆ ಬಂದ ತಕ್ಷಣ ಖಾಲಿ ಮಾಡಿ, ಒಣ ಹತ್ತಿ ಬಟ್ಟೇಲಿ ಬೆವರು ಒರಸಿ, ಎಣ್ಣೆ ಬಟ್ಟೇಲಿ ಒಂದು ಕೈ ಆಡ್ಸಿ. ಗನ್ ಆಯಿಲ್ ಸಿಕ್ಕಿಲ್ಲ ಅಂದ್ರೆ ಹೊಲಿಗೆ ಮಿಷಿನ್ ಎಣ್ಣೆ ತಾತ್ಕಾಲಿಕಕ್ಕೆ ಆಗತ್ತೆ, ಕೊಬ್ಬರಿ ಎಣ್ಣೆ ಮಾತ್ರ ಬೇಡ, ಚಳಿಗಾಲಕ್ಕೆ ಗಟ್ಟಿಯಾಗಿ ಅಂಟು ಹಿಡಿಯತ್ತೆ. ಎಣ್ಣೆ ಬಳಿಯೋ ಉತ್ಸಾಹದಲ್ಲಿ ತೋಟಾಕ್ಕೂ ಬಳಿಬೇಡಿ, ಬುಡದಲ್ಲಿ ಕಿಡಿ ಹೊತ್ತಿಸೋ ಕೇಪಿನೊಳಗೆ ಎಣ್ಣೆ ಇಳಿದ್ರೆ ಹೊಡೆಯದೇ ಹೋಗ್ಬಹುದು. ಡಬ್ಬಿ ಮುಚ್ಚಳ ಬಿಗಿ ಇರೋದು, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಬೀಗ. ನೀಲಿ ಹರಳು ಗುಲಾಬಿ ಬಣ್ಣಕ್ಕೆ ಬಂತು ಅಂದ್ರೆ ಬಿಸಿ ಮಾಡಿ ಒಣಗ್ಸಿ ಮತ್ತೆ ಹಾಕಿ. ಮುಂಚೆ ನಮ್ಮನೇಲಿ ಕೋವೀನ ಒಲೆ ಬಿಸಿ ತಾಗೋ ಗೋಡೆಗೆ ನೇತು ಹಾಕ್ತಿದ್ರು, ಸಣ್ಣ ಆಯುಧಕ್ಕೆ ಅದೆಲ್ಲ ಆಗಲ್ಲ, ಮಕ್ಕಳ ಕೈಗೆ ಸಿಗ್ಬಾರ್ದು.

ಬೆಲ್ಟ್‌ಬ್ಯಾಗ್_ಭದ್ರಾವತಿ
ಚರ್ಮದ ಕೆಲಸ ಮಾಡೋನಾಗಿ ಆಗುಂಬೆಯೋರ ಮಾತಿಗೆ ಎದುರು ಹೇಳೋಕಾಗಲ್ಲ, ನಾನೇ ಗಿರಾಕಿಗಳಿಗೆ ಹೇಳ್ತೀನಿ, ಹಾಕ್ಕೊಂಡು ಓಡಾಡಿ ಆದ್ರೆ ಅದ್ರಲ್ಲೇ ಮಲಗ್ಸಬೇಡಿ ಅಂತ. ಮಳೆ ನಾಲ್ಕು ತಿಂಗಳಿಗೆ ಕೈಡೆಕ್ಸ್ ಅಂತ ಗಟ್ಟಿ ಪ್ಲಾಸ್ಟಿಕ್ಕಿಂದು ಬರತ್ತೆ, ಅದು ನೀರು ಕುಡಿಯಲ್ಲ. ಆದ್ರೆ ನಿಮ್ಮ ಮಾಡೆಲ್ಲಿನ ಅಚ್ಚಿಗೇ ಮಾಡಿದ್ದಾಗಿರ್ಬೇಕು, ಬೇರೆ ಮಾಡೆಲ್ಲಿಂದು ತಗಂಡು ತುರುಕಿದ್ರೆ ಒಂದೋ ಸಡಿಲ ಇಲ್ಲಾ ಎಳೆಯೋವಾಗ ಕಚ್ಚತ್ತೆ.

ಹೋಲ್ಸ್ಟರಲ್ಲಿ ನೋಡ್ಬೇಕಾದ್ದು ಇಷ್ಟು. ಕುದುರೆ ಮತ್ತೆ ಅದರ ಸುತ್ತಿನ ಬಳೆ ಪೂರ್ತಿ ಮುಚ್ಚಬೇಕು, ಬೆರಳಾಗ್ಲಿ ಅಂಗಿ ತುದಿಯಾಗ್ಲಿ ಜಾಕೆಟ್ಟಿನ ದಾರವಾಗ್ಲಿ ಒಳಗೆ ಹೋಗ್ಬಾರ್ದು. ತಲೆಕೆಳಗೆ ಮಾಡಿ ಅಲ್ಲಾಡ್ಸಿದ್ರೆ ಬೀಳ್ಬಾರ್ದು, ಖಾಲಿ ಮಾಡ್ಕೊಂಡು ಮಂಚದ ಮೇಲೆ ಪರೀಕ್ಷೆ ಮಾಡಿ. ಆಯುಧ ತೆಗೆದ್ಮೇಲೆ ಬಾಯಿ ಮುಚ್ಕಳ್ಳೋ ಮೆತ್ತನೆ ಹೋಲ್ಸ್ಟರ್ ಬೇಡ, ವಾಪಸ್ ಹಾಕೋವಾಗ ಇನ್ನೊಂದು ಕೈ ಬೇಕಾಗತ್ತೆ, ಆ ಕೈ ನಳಿಗೆ ಮುಂದೆ ಬರತ್ತೆ. ಒಳ್ಳೆ ಹೋಲ್ಸ್ಟರಿಗೆ ಎಷ್ಟು ಖರ್ಚು ಮಾಡ್ತೀರೋ ಬೆಲ್ಟಿಗೂ ಮಾಡಿ, ಒಂದೂವರೆ ಇಂಚು ಅಗಲ, ಎರಡು ಪದರ ಹೊಲಿದಿದ್ದು. ಸಾದಾ ಬೆಲ್ಟಲ್ಲಿ ಒಂದು ಕಡೆ ಜೋಲು ಬಿದ್ದು ಪ್ಯಾಂಟೇ ಇಳಿಯತ್ತೆ.

ಸಾಗರದ_ಸಂಶಯಿ
ಅಡಿಕೆ ಬೆಲೆ ಇಳಿದಾಗ ಇವನ ಪ್ಯಾಂಟೂ ಇಳೀತು ಅಂತ ಊರೆಲ್ಲ ಸುದ್ದಿ ಆಗತ್ತೆ 😂

ಚೇಣಿ_ಹೊಸನಗರ
ಭಾವ ನೀನು ಸುಮ್ನಿರು. ಪಂಚೆ ವಿಷಯಕ್ಕೆ ಯಾರೂ ಉತ್ತರ ಕೊಡ್ಲೇ ಇಲ್ವಲ್ಲ. ನಮ್ಮಲ್ಲಿ ಹಸಿರು ಅಗಲ ಬೆಲ್ಟ್ ಕಟ್ತೀವಲ್ಲ ಜೇಬಿರೋದು, ಅದ್ರ ಜೇಬಿಗೇ ಹಾಕಿದ್ರೆ?

ಬೆಲ್ಟ್‌ಬ್ಯಾಗ್_ಭದ್ರಾವತಿ
ಬೇಡ ಅಣ್ಣ. ಆ ಜೇಬು ಮೆತ್ತಗೆ, ಒಳಗೆ ಕುದುರೆ ಬಯಲಿಗೇ ಬಿದ್ದಿರತ್ತೆ. ಅದೇ ಜೇಬಲ್ಲಿ ಬೀಗದ ಕೈ, ಸುಣ್ಣದ ಡಬ್ಬಿ, ಕವಳದ ಸಂಚಿ ಎಲ್ಲ ಹಾಕೋದು ನಮ್ಮೋರ ಅಭ್ಯಾಸ, ಕೀಲಿ ಕೈ ತುದಿ ಕುದುರೆ ಬಳೇಲಿ ಸಿಕ್ಕಿದ್ರೆ ಆಯ್ತಲ್ಲ. ಪಂಚೆ ಕೆಳಗೆ ಗಟ್ಟಿ ಬಟ್ಟೆ ಬರ್ಮುಡಾ ಚಡ್ಡಿ, ಅದಕ್ಕೆ ಬೆಲ್ಟು, ಬೆಲ್ಟಿಗೆ ಒಳಗಡೆ ಕ್ಲಿಪ್ ಹೋಲ್ಸ್ಟರು, ಮೇಲೆ ಪಂಚೆ ಅಂಗಿ. ಅಥವಾ ಹೊಟ್ಟೆಗೆ ಸುತ್ತೋ ಎಲಾಸ್ಟಿಕ್ ಪಟ್ಟಿ ಬರತ್ತೆ, ಅದ್ರಲ್ಲೂ ಕುದುರೆ ಮುಚ್ಚೋ ಗಟ್ಟಿ ಭಾಗ ಇರೋದೇ ನೋಡಿ. ಪಂಚೆ ಎತ್ತಿ ಕಟ್ಟೋವಾಗ ಹುಷಾರು, ತೊಡೆ ಪಕ್ಕ ಇಟ್ಟಿದ್ರೆ ಕಾಣತ್ತೆ.

ಕೊಪ್ಪದಕ್ಕ
ಸೀರೆ ಉಡೋರಿಗೆ ಯಾರೂ ಎಂತದೂ ಹೇಳಲ್ಲ ನೋಡಿ. ಹೆಗಲ ಚೀಲದಲ್ಲಿ ಇಡಿ ಅಂತಾರೆ, ಚೀಲ ಕಿತ್ಕೊಂಡು ಓಡಿದ್ರೆ ಆಯುಧಾನೂ ಅವನ ಜೊತೆಗೇ ಹೋಯ್ತಲ್ಲ.

ತುಂಗಾತೀರ
ಅಕ್ಕ ನೀವು ಹೇಳಿದ್ದು ನೂರಕ್ಕೆ ನೂರು. ಚೀಲಕ್ಕಿಂತ ಮೈಗೆ ಕಟ್ಟಿದ್ದೇ ಮೇಲು, ನಿಮಗೆ ಆ ಹೊಟ್ಟೆ ಪಟ್ಟಿ, ಚೂಡಿದಾರ ಆದ್ರೆ ಇನ್ನೂ ಸುಲಭ. ಜೀಪ್, ಬೈಕ್ ಓಡ್ಸೋರಿಗೂ ಒಂದು ಮಾತು. ಬೆನ್ನ ಹಿಂದೆ ನಡುಮಧ್ಯ ಸಿಕ್ಕಿಸಬೇಡಿ. ಸಿನಿಮಾದೋರು ಕಲಿಸಿದ್ದು ಅದು. ಬೈಕಿಂದ ಬಿದ್ರೆ ಬೆನ್ನುಮೂಳೆಗೂ ನೆಲಕ್ಕೂ ನಡುವೆ ಕಬ್ಬಿಣದ ಗಟ್ಟಿ ಇರತ್ತೆ, ಸೀಟಿಗೆ ಒರಗೋಕೂ ಆಗಲ್ಲ. ಬಲ ಸೊಂಟದ ಮೂಳೆ ಹಿಂದೆ ಸ್ವಲ್ಪ ಸರಿಸಿ ಇಟ್ರೆ ಅಂಗಿ ಒಳಗೆ ಚೆನ್ನಾಗಿ ಅಡಗತ್ತೆ, ಬಗ್ಗೋವಾಗ ಮಾತ್ರ ಹಿಡಿ ಹೊರಗೆ ಚಾಚತ್ತೆ, ಅದಕ್ಕೇ ಮೊಣಕಾಲು ಮಡಿಸಿ ಕೂರೋ ಅಭ್ಯಾಸ ಮಾಡ್ಕೋಬೇಕು. ಅಡಿಕೆ ಮೂಟೆ ನೋಡೋಕೆ ಬಗ್ಗಿದಾಗಲೇ ಊರಿಗೆಲ್ಲ ಗೊತ್ತಾಗೋದು.

ಮುಚ್ಚಿ ಇಡೋದು ಬರೀ ಶೋಕಿ ಅಲ್ಲ. 2016ರ ಆಯುಧ ನಿಯಮದಲ್ಲೇ ಸಾರ್ವಜನಿಕ ಜಾಗದಲ್ಲಿ ಹ್ಯಾಂಡ್‌ಗನ್ ಹೋಲ್ಸ್ಟರಲ್ಲಿ ಇರ್ಬೇಕು, ಪೂರ್ತಿ ಮುಚ್ಚಿರ್ಬೇಕು, ಹಿಡಿತ ಹೊತ್ತೋನ ಕೈಲೇ ಇರ್ಬೇಕು ಅಂತಿದೆ. ಅಂದ್ರೆ ಜೀಪಿನ ಸೀಟ್ ಕೆಳಗೆ ಬಿಟ್ಟು ಹೋಟೆಲಿಗೆ ಊಟಕ್ಕೆ ಹೋದ್ರೆ ಅದೂ ತಪ್ಪೇ. ಗಾಳಿಲಿ ಗುಂಡು ಹಾರಿಸೋ ಚಪಲ ಇದ್ದೋರಿಗೆ 2019ರ ತಿದ್ದುಪಡೀಲಿ ಎರಡು ವರ್ಷದವರೆಗೆ ಜೈಲು, ಇಲ್ಲಾ ಲಕ್ಷದವರೆಗೆ ದಂಡ, ಇಲ್ಲಾ ಎರಡೂ.

ಚೇಣಿ_ಹೊಸನಗರ
ಚೇಂಬರಲ್ಲಿ (ನಳಿಗೆ ಬುಡದ ಕುಳಿಯಲ್ಲಿ) ತೋಟಾ ಇಟ್ಕೊಂಡೇ ಓಡಾಡ್ಬೇಕಾ ಖಾಲಿ ಬಿಡ್ಬೇಕಾ? ಪಿಸ್ತೂಲ್ ಆದ್ರೆ.

ಮಾಜಿ_ಹವಾಲ್ದಾರ್
ಖಾಲಿ. ಇದ್ರಲ್ಲಿ ಚರ್ಚೆ ಇಲ್ಲ. ಹಳೇ ವಿನ್ಯಾಸದ ಪಿಸ್ತೂಲುಗಳಲ್ಲಿ ಕೆಳಗೆ ಬಿದ್ರೆ ಸಿಡಿಯದ ಹಾಗೆ ತಡೆಯೋ ಭಾಗ ಇರಲ್ಲ. ಕಲ್ಲಿನ ಮೆಟ್ಲು, ಪಾಚಿ ಕಟ್ಟಿದ ಅಂಗಳ, ಸಂಕ, ನಮ್ಮ ಕಡೆ ಜಾರಿ ಬೀಳೋಕೆ ಜಾಗ ಹುಡುಕ್ಬೇಕಾ.

ತುಂಗಾತೀರ
ಹೊಸಬನಿಗೆ ನಾನೂ ಅದನ್ನೇ ಹೇಳ್ತೀನಿ. ಆದ್ರೆ ಚೇಂಬರ್ ಖಾಲಿ ಅಂದ್ರೆ ತೆಗೆದ್ಮೇಲೆ ಎರಡೂ ಕೈ ಬೇಕು, ಸ್ಲೈಡ್ ಎಳೆಯೋಕೆ. ಈ .32 ಪಿಸ್ತೂಲುಗಳ ಸ್ಪ್ರಿಂಗ್ ಬಿಗಿ, ಬೆವರಿದ ಕೈ, ಮಳೇಲಿ ಒದ್ದೆ ಕೈ ಅಂದ್ರೆ ಜಾರತ್ತೆ. ಒಂದು ಕೈಲಿ ಸ್ಟೇರಿಂಗೋ ಟಾರ್ಚೋ ಇದ್ರೆ ಮುಗೀತು. ಹಂಗಾಗಿ ಇಲ್ಲಿ ಮಾತ್ರ ಹವಾಲ್ದಾರ್ ಸಾರ್ ಪಾರ್ಟಿಗೆ ನಾನು ಸೋಲ್ತೀನಿ, ಒಂದೇ ಕೈಲಿ ಆಗ್ಬೇಕು ಅಂದ್ರೆ ರಿವಾಲ್ವರೇ. ಹಳೇ ರಿವಾಲ್ವರಾದ್ರೆ ಅದರಲ್ಲೂ ತೋಟಾಕ್ಕೆ ಬಡಿಯೋ ಹ್ಯಾಮರ್ ಎದುರಿನ ಒಂದು ಕುಳಿ ಖಾಲಿ ಬಿಡೋದು ವಾಸಿ.

ರಿಪ್ಪನ್‌ಪೇಟೆ_ಗೌಡ
ಹಂದಿಗೆ ಆಗತ್ತನಾ ಇದು? ನಮ್ಮಲ್ಲಿ ಶುಂಠಿ ಗದ್ದೆ ಪೂರ್ತಿ ಎಬ್ಬಿಸಿ ಹಾಕಿದಾವೆ

ಮಾಜಿ_ಹವಾಲ್ದಾರ್
ಆಗಲ್ಲ. .32 ಗುಂಡು ಅಂದ್ರೆ ಐದಾರು ಗ್ರಾಂ ಸೀಸ, ಹಂದಿಗೆ ಸಿಟ್ಟು ಬರ್ಸತ್ತೆ ಅಷ್ಟೇ. ವನ್ಯಜೀವಿ ಕಾಯ್ದೆ ಕೇಸು ಬೇರೆ. ಬೆಳೆ ರಕ್ಷಣೆಗೆ ಬೇರೇನೇ ಲೈಸೆನ್ಸ್, ಬೇರೇನೇ ಕೋವಿ, ಅದಕ್ಕೆ ಇನ್ನೊಂದು ಚರ್ಚೆ ಶುರು ಮಾಡು.

ಆಗುಂಬೆ_ಮಳೆ
ಎಲೆಕ್ಷನ್ ಬಗ್ಗೆ ಹೇಳದೇ ಹೋದ್ರೆ ಈ ಚರ್ಚೆ ಪೂರ್ತಿ ಆಗಲ್ಲ. ನೀತಿ ಸಂಹಿತೆ ಬಂತು ಅಂದ್ರೆ ಠಾಣೆಯಿಂದ ಫೋನ್, ಆಯುಧ ತಂದು ಜಮಾ ಮಾಡಿ ಅಂತ. 2024ರಲ್ಲಿ ಮಾರ್ಚ್ ಮಧ್ಯದಿಂದ ಜೂನ್ ಮೊದಲ ವಾರದವರೆಗೆ ಸಂಹಿತೆ ಇತ್ತು, ವಾಪಸ್ ತರೋ ಹೊತ್ತಿಗೆ ಮಳೆ ಹಿಡಿದಿತ್ತು. ಯಾವ ಠಾಣೆ ಅಂತ ಹೇಳಲ್ಲ, ಗೋಣಿ ಚೀಲ ಹಾಸಿದ ನೆಲದ ಮೇಲೆ ಎಲ್ಲರ ಕೋವೀನೂ ಸಾಲಾಗಿ ಮಲಗ್ಸಿದ್ರು. ಕೊಡೋ ಮುಂಚೆ ಹೋಲ್ಸ್ಟರ್ ಬಿಚ್ಚಿ ಮನೇಲಿಡಿ, ನಳಿಗೆ ಒಳಗೂ ಹೊರಗೂ ದಪ್ಪಗೆ ಗ್ರೀಸ್, ಎಣ್ಣೆ ಕಾಗದದಲ್ಲಿ ಸುತ್ತಿ, ಸೀರಿಯಲ್ ನಂಬರ್ ಫೋಟೋ ತೆಗೆದಿಟ್ಕಳಿ, ರಸೀದಿ ಇಸ್ಕಳ್ದೆ ಬರ್ಬೇಡಿ. ಲೈಸೆನ್ಸ್ ಇರೋ ಡೀಲರ್ ಹತ್ರ ಜಮಾ ಮಾಡೋಕೂ ಆಗತ್ತೆ, ಬಾಡಿಗೆ ತಗಳ್ತಾರೆ ಆದ್ರೆ ಒಣ ಜಾಗ ಇರತ್ತೆ. ನಾನು ಈಗ ಹಂಗೇ ಮಾಡೋದು.

ಚೇಣಿ_ಹೊಸನಗರ
ಎಲ್ಲ ಓದಿ ಮನೇಲೂ ಓದಿ ಹೇಳಿ ಒಂದು ತೀರ್ಮಾನಕ್ಕೆ ಬಂದೆ. ರಿವಾಲ್ವರೇ. ನಿರ್ಭೀಕಾ ಪ್ರಬಲಾ ಅನ್ನೋದು ಕೈಲಿ ಹಿಡಿದು ನೋಡಿ. ಹೋಲ್ಸ್ಟರ್ ಭದ್ರಾವತಿ ಅಣ್ಣನ ಹತ್ರ ಅಳತೆ ಕೊಟ್ಟು ಬೆಲ್ಟಿನ ಸಮೇತ. ಅಂಗಡೀಲಿ ಏನೇನು ನೋಡ್ಲಿ?

ಮಾಜಿ_ಹವಾಲ್ದಾರ್
ಮೊದಲು ಖಾಲಿ ಇದ್ಯಾ ಅಂತ ನೀನೇ ನೋಡ್ಬೇಕು, ಅಂಗಡಿಯೋನು ಖಾಲಿ ಅಂದ ಅಂತ ನಂಬಬಾರ್ದು. ಪ್ರಬಲ್ ಸಿಲಿಂಡರ್ ಪಕ್ಕಕ್ಕೆ ತೆರೆಯತ್ತೆ, ಮಾರ್ಕ್ ತ್ರೀ ಥರದ್ದು ನಳಿಗೆ ಸಮೇತ ಮುಂದಕ್ಕೆ ಮುರಿಯತ್ತೆ, ಎರಡೂ ತೆಗೆದು ಮುಚ್ಚಿ ನೋಡು, ಕೀಲು ಅಲ್ಲಾಡ್ಬಾರ್ದು. ಹ್ಯಾಮರ್ ಹಿಂದಕ್ಕೆ ಎಳೆದು ಸಿಲಿಂಡರ್ ಹಿಡಿದು ಅಲ್ಲಾಡ್ಸು, ಒಂಚೂರು ಆಟ ಇರತ್ತೆ, ಲೊಟಲೊಟ ಅನ್ಬಾರ್ದು. ಆರೂ ಕುಳಿ ಒಂದೊಂದಾಗಿ ತಿರುಗಿಸಿ ಪರೀಕ್ಷೆ ಮಾಡು, ಬೆಳಕಿಗೆ ಹಿಡಿದು ನಳಿಗೆ ಒಳಗೆ ನೋಡು. ಡಮ್ಮಿ ತೋಟಾ ಆರು ತಗಳ್ಳೋದು ಮರೀಬೇಡ. ದಿನಾ ರಾತ್ರಿ ಮಣ್ಣಿನ ಗೋಡೆ ಕಡೆ ಮುಖ ಮಾಡಿ, ಅಸಲಿ ತೋಟಾ ಬೇರೆ ಕೋಣೇಲಿಟ್ಟು, ಕುದುರೆ ಎಳೆಯೋ ಅಭ್ಯಾಸ ಮಾಡು, ನಳಿಗೆ ಅಲ್ಲಾಡ್ದೆ ಬರೋತನಕ. ರೇಂಜಿಗೆ ಹೋಗಿ ಅಸಲಿ ತೋಟಾನೂ ಹೊಡಿ, ದುಬಾರಿ ಅಂತ ಬಿಡಬೇಡ.

ತಗಂಡ್ಮೇಲೆ ಆಯುಧ ತೋರ್ಸಿ ಲೈಸೆನ್ಸಲ್ಲಿ ನಮೂದು ಮಾಡಿಸ್ಬೇಕು. ಬಿಲ್ಲಲ್ಲಿರೋ ನಂಬರೂ ಆಯುಧದ ಮೇಲಿರೋ ನಂಬರೂ ಒಂದೇ ಇದ್ಯಾ ಅಂಗಡೀಲೇ ಒಂದೊಂದು ಅಂಕಿ ಓದಿ ನೋಡ್ಕ. ನಮೂದಿಗೆ ಶನಿವಾರ ಹೋಗ್ಬೇಡ, ಎರಡನೇದು ನಾಲ್ಕನೇದು ಕಚೇರಿ ರಜೆ.

ಸಾಗರದ_ಸಂಶಯಿ
ತಗಂಡ್ಮೇಲೆ ಫೋಟೋ ಹಾಕು.

ಚೇಣಿ_ಹೊಸನಗರ
ಹಾಕಲ್ಲ ಭಾವ. ಯಾರಿಗೂ ಕಾಣ್ಬಾರ್ದು ಅಂತ ಇಷ್ಟುದ್ದ ಕೇಳಿದ್ದು ನಾನು.